ನೂರಕ್ಕೆ ನೂರಾದ ಹಟ್ಟಿ

ಮೂಡಲಗಿರಿಯಪ್ಪನ ಮುಖವನ್ನು ಒಮ್ಮೆ ಕಂಡವರು ಮರೆಯುವಂತಿರಲಿಲ್ಲ. ಹಣೆಯಿಂದ ಗದ್ದದವರೆಗೆ ಸಿಡುಬಿನ ಕುಳಿಗಳು. ಎಡಗಣ್ಣಿನ ರೆಪ್ಪೆ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಊರ್ಡಿಗೆರೆಯಲ್ಲಿ ಅವನಿನ್ನೂ ಅಂಬೆಗಾಲಿಡುತ್ತಿದ್ದಾಗ ಮನೆಗೆ ಬಂದ ಸಿಡುಬು ಅಕ್ಕ ಹನುಮಮ್ಮನನ್ನು ಕೊಂಡೊಯ್ದು, ಇವನನ್ನು ಹೀಗೆ ಬಿಟ್ಟುಹೋಗಿತ್ತು. ದೊಡ್ಡವನಾದ ಮೇಲೆ ಎರಡು ಕಡೆ ಹೆಣ್ಣು ನೋಡಲು ಹೋಗಿ, ಕಾಫಿ ಕುಡಿದು, ಸುಮ್ಮನೆ ವಾಪಸು ಬಂದಿದ್ದ. ಮೂರನೆಯದು ಅಮೃತೂರಿನ ಮನೆ. ಅಲ್ಲಿ ಚೆನ್ನಮ್ಮ ಬಾಗಿಲ ಸಂದಿಯಿಂದ ನೋಡಿ, "ಮುಖ ಹೆಂಗಾರ ಇರ್ಲಿ, ಮಾತು ಮೆತ್ತಗೈತೆ" ಅಂದಳಂತೆ. ಅಷ್ಟಕ್ಕೇ ಮದುವೆ ಗೊತ್ತಾಯಿತು.

ಆ ಮುಖವೇ ಅವನಿಗೆ ಕೆಲಸವನ್ನೂ ಕೊಡಿಸಿತು. ಸಾವಿರದೊಂಬೈನೂರ ಐವತ್ತೆಂಟರಲ್ಲಿ ತುಮಕೂರಿನಲ್ಲಿ ದಾಕು ಹಾಕುವವರನ್ನು, ಅಂದರೆ ಊರೂರು ಸುತ್ತಿ ಸಿಡುಬಿನ ಲಸಿಕೆ ಹಾಕುವವರನ್ನು, ಆರಿಸುತ್ತಿದ್ದರು. ಸಂದರ್ಶನ ಮಾಡಿದ ಡಾಕ್ಟರು ಅವನ ಅರ್ಜಿಯನ್ನು ಓದಲೂ ಇಲ್ಲ. "ಈ ಮುಖ ಬಾಗಿಲಿಗೆ ಬಂದು ನಿಂತರೆ ಭಾಷಣ ಬೇಕಾಗಲ್ಲ" ಎಂದು ಪಕ್ಕದವರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಎಸೆಸೆಲ್ಸಿವರೆಗೆ ಓದಿದ್ದ ಮೂಡಲಗಿರಿಯಪ್ಪನಿಗೆ ಅದು ಅರ್ಥವಾಯಿತು. ಬೇಜಾರಾಗಲಿಲ್ಲ. ಕೆಲಸ ಸಿಕ್ಕಿತಲ್ಲ.

ಗುಬ್ಬಿಯಲ್ಲಿ ಮನೆ ಮಾಡಿದ. ಕೆಲಸ ಮಾತ್ರ ಖಾಯಂ ಅಲ್ಲ. ಆರಾರು ತಿಂಗಳಿಗೆ ಮುಂದುವರಿಸುವ ಆರ್ಡರ್ ಬರಬೇಕು, ಅದು ಬರುವವರೆಗೂ ಚೆನ್ನಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು. ದಾಕು ಹಾಕುವವನು ಎಂದರೆ ಹಳ್ಳಿಗಳಲ್ಲಿ ಯಾರಿಗೂ ಬೇಡದ ನೆಂಟ. ಅವನ ಖಾಕಿ ಚೀಲ ಕಂಡರೆ ಸಾಕು, ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಜೋಳದ ಹೊಲಕ್ಕೆ ಓಡುತ್ತಿದ್ದರು. ಮುಳ್ಳುಗಳಿದ್ದ ಸಣ್ಣ ಬಿಲ್ಲೆಯನ್ನು ತೋಳಿನ ಮೇಲಿಟ್ಟು ತಿರುಪುವಾಗ ಮಕ್ಕಳು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದವು. ಮೂಡಲಗಿರಿಯಪ್ಪ ಬೈಯುತ್ತಿರಲಿಲ್ಲ, ಪೊಲೀಸರ ಹೆಸರು ಹೇಳುತ್ತಿರಲಿಲ್ಲ. ಹೊಲದ ಬದುವಿನ ಮೇಲೆ ಕೂತು ಕಾಯುತ್ತಿದ್ದ. ತಾಯಿ ಹೊರಗೆ ಬಂದರೆ ತನ್ನ ಮುಖ ತೋರಿಸಿ, "ನೋಡವ್ವಾ, ಇಂಥ ಮುಖ ನಿನ್ ಮಗೀಗೆ ಬೇಕಾ?" ಎನ್ನುತ್ತಿದ್ದ. ಆ ಮಾತಿಗೆ ಹೆಚ್ಚಿನವರು ಸೋಲುತ್ತಿದ್ದರು.

ಅರವತ್ತೆರಡರಲ್ಲಿ ದೇಶದಲ್ಲೆಲ್ಲ ಸಿಡುಬನ್ನು ಬೇರುಸಹಿತ ಕೀಳುವ ಯೋಜನೆ ಬಂತು. ಯೋಜನೆಯ ಜೊತೆಗೆ ಟಾರ್ಗೆಟ್ ಎಂಬ ಮಾತೂ ಬಂತು. ಹೊಸ ಜನಗಣತಿಯ ಲೆಕ್ಕದಂತೆ ಹೋಬಳಿಗೆ ಇಷ್ಟು ತಲೆ, ತಲೆಗೊಂದು ದಾಕು. ತಿಂಗಳ ಕೊನೆಗೆ ಪ್ರತಿಯೊಬ್ಬನೂ ವರದಿ ಕೊಡಬೇಕು. ಅದನ್ನೆಲ್ಲ ಗುಬ್ಬಿಯ ಇನ್ಸ್‌ಪೆಕ್ಟರ್ ವೆಂಕಟೇಶಯ್ಯನವರು ಕೂಡಿಸಿ ತುಮಕೂರಿಗೆ ಕಳಿಸಬೇಕು. ಅಲ್ಲಿ ಸಿಡುಬು ಯೂನಿಟ್ಟಿನ ಗೋಡೆಯ ಮೇಲೆ ದೊಡ್ಡದೊಂದು ಕಪ್ಪು ಹಲಗೆ. ಅಂಕಿಅಂಶದ ಸೀತಾರಾಮಯ್ಯನವರು ಸೀಮೆಸುಣ್ಣ ಹಿಡಿದು ತಾಲ್ಲೂಕುಗಳ ಹೆಸರಿನ ಮುಂದೆ ನೂರಕ್ಕೆ ಇಷ್ಟು ಎಂದು ದುಂಡಗೆ ಬರೆಯುತ್ತಿದ್ದರು. ಯಾವ ತಾಲ್ಲೂಕು ಕೆಲಸ ಮಾಡಿದೆ, ಯಾರು ಸೋಮಾರಿ, ಯಾರಿಗೆ ಮುಂದಿನ ಆರ್ಡರ್, ಯಾರಿಗೆ ಇಲ್ಲ, ಎಲ್ಲಕ್ಕೂ ಆ ಹಲಗೆಯೇ ಆಧಾರ. ಹಳ್ಳಿಗೆ ಹೋಗಿ ತೋಳು ನೋಡಿ ಬರುವಷ್ಟು ಜನವಾಗಲೀ ಜೀಪಾಗಲೀ ಯಾರ ಬಳಿಯೂ ಇರಲಿಲ್ಲ.

ಹೀಗಾಗಿ ಎಲ್ಲರೂ ಸುಲಭದ ದಾರಿ ಹಿಡಿದರು. ಇಸ್ಕೂಲಿನ ಮಕ್ಕಳು ಒಂದೇ ಕಡೆ ಸಿಗುತ್ತಾರೆ, ಓಡುವುದಿಲ್ಲ. ಅದೇ ತೋಳಿಗೆ ಮತ್ತೆ ಮತ್ತೆ ಹಾಕಿ ಲೆಕ್ಕ ತೋರಿಸಿದರು. ಮೊಲೆಕೂಸುಗಳು, ಕೂಲಿಯವರು, ಕುರಿಯವರು ಹಾಗೇ ಉಳಿದರು. ಮೂಡಲಗಿರಿಯಪ್ಪನೂ ಎರಡು ಸಲ ಇಸ್ಕೂಲಿಗೆ ಹೋಗಿದ್ದುಂಟು. ಆದರೂ ಅವನ ಅಂಕಿ ಕೆಳಗೇ ಇತ್ತು, ಅವನಿಂದಾಗಿ ಗುಬ್ಬಿಯದೂ ಕೆಳಗಿತ್ತು. ಅದಕ್ಕೆ ಮುಖ್ಯ ಕಾರಣ ನಿಟ್ಟೂರಿನ ಆಚೆಗಿದ್ದ ಕುರಿಯವರ ದೊಡ್ಡ ಹಟ್ಟಿ, ಹೊಂಗೆಹಟ್ಟಿ. ಮುಳ್ಳುಬೇಲಿಯೊಳಗೆ ಗುಡಿಸಲುಗಳು, ಪಕ್ಕದಲ್ಲಿ ಕುರಿದೊಡ್ಡಿ. ಅವನು ಹೋದಾಗಲೆಲ್ಲ ಜನ ಕುರಿ ಹೊಡೆದುಕೊಂಡು ಹೋಗಿರುತ್ತಿದ್ದರು, ಕಣ್ಣು ಕಾಣದ ಮುದುಕರಷ್ಟೇ ಸಿಗುತ್ತಿದ್ದರು. ಲೆಕ್ಕ ಕೇಳಿದಾಗಲೆಲ್ಲ ಅವನು "ಜನ ಊರಲ್ಲಿಲ್ಲ" ಎಂದೇ ಹೇಳುತ್ತಾ ಬಂದ.

ಅರವತ್ತಮೂರರ ಮಳೆಗಾಲದಲ್ಲಿ ತುಮಕೂರಿನಲ್ಲಿ ಮೀಟಿಂಗು. ಜಿಲ್ಲೆಗೆಲ್ಲ ಮೇಲಿನವರಾದ ಡಾಕ್ಟರ್ ಶ್ರೀಕಂಠಯ್ಯನವರು ಹಲಗೆಯ ಮುಂದೆ ನಿಂತು ಕೋಲಿನಿಂದ ಗುಬ್ಬಿಯ ಹೆಸರನ್ನು ತಟ್ಟಿದರು.

"ಏನ್ರೀ ವೆಂಕಟೇಶಯ್ಯ, ಗುಬ್ಬಿ ನಿದ್ದೆ ಮಾಡ್ತಿದೆಯಾ? ಕುಣಿಗಲ್ ನೋಡ್ರಿ, ಎಲ್ಲಿದೆ! ಮುಂದಿನ ತಿಂಗಳು ಇದೇ ಅಂಕಿ ತಂದ್ರೆ ನಿಮ್ಮ ಟೆಂಪೊರರಿ ಹುಡುಗರ್ನ ಮನೆಗೆ ಕಳಿಸ್ತೀನಿ. ನಿಮ್ಮನ್ನ ಎಲ್ಲಿಗೆ ಕಳಿಸ್ತೀನಿ ಅಂತ ಹೇಳಲ್ಲ."

ಐವತ್ತು ದಾಟಿದ್ದ ವೆಂಕಟೇಶಯ್ಯನವರು ಎಲ್ಲರೆದುರು ತಲೆ ತಗ್ಗಿಸಿ ನಿಂತರು. ಕಿವಿಯ ಹಿಂದೆ ಬೆವರು ಇಳಿಯುತ್ತಿದ್ದುದು ಹಿಂದೆ ಕೂತಿದ್ದ ಮೂಡಲಗಿರಿಯಪ್ಪನಿಗೆ ಕಾಣುತ್ತಿತ್ತು. ಅವರು ಕೆಟ್ಟವರಲ್ಲ. ಚೆನ್ನಮ್ಮನ ಬಾಣಂತನದಲ್ಲಿ ತಮ್ಮ ಮನೆಯಿಂದ ಸಾರಿನಪುಡಿ ಕಳಿಸಿದ್ದವರು. ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದರು.

ಮುಂದಿನ ತಿಂಗಳ ಮೀಟಿಂಗಿನಲ್ಲಿ ಹಲಗೆ ನೋಡಿದರೆ ಗುಬ್ಬಿಯ ಮುಂದೆ ನೂರಕ್ಕೆ ನೂರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶ್ರೀಕಂಠಯ್ಯನವರು ವೆಂಕಟೇಶಯ್ಯನವರ ಕೈ ಕುಲುಕಿ, "ಹಿಂಗಿರ್ಬೇಕು" ಎಂದರು. ಮೂಡಲಗಿರಿಯಪ್ಪನೂ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಅವನಿಗೆ ಹೊಳೆಯಿತು. ಎಲ್ಲರಂತೆ ಅವನೂ ವರದಿಯ ಹಾಳೆಗಳಿಗೆ ಮೊದಲೇ ಸಹಿ ಮಾಡಿ ಆಫೀಸಿನಲ್ಲಿ ಕೊಟ್ಟಿರುತ್ತಿದ್ದ, ಅವನು ಹೇಳಿದ ಅಂಕಿಯನ್ನು ವೆಂಕಟೇಶಯ್ಯನವರು ಆಮೇಲೆ ತುಂಬುತ್ತಿದ್ದರು. ಹೊಂಗೆಹಟ್ಟಿಯೂ ಅದರಲ್ಲಿ ಆಗಿಹೋಗಿತ್ತು.

ಸ್ಟೇಷನ್ನಿಗೆ ನಡೆಯುವಾಗ ಅವನು ಮೆಲ್ಲಗೆ ಕೇಳಿದ. "ಸಾರ್, ಹೊಂಗೆಹಟ್ಟಿಗೆ ನಾನು ಹಾಕೇ ಇಲ್ವಲ್ಲ."

"ಗೊತ್ತು ಕಣಯ್ಯ." ವೆಂಕಟೇಶಯ್ಯನವರು ಅವನ ಕಡೆ ನೋಡಲಿಲ್ಲ. "ಮುಂದಿನ ತಿಂಗಳು ಹೋಗಿ ಹಾಕ್ಬಿಡು. ಆಗ ಇದೂ ನಿಜ ಆಗುತ್ತೆ. ನಿನ್ನ ಆರ್ಡರ್ ಬಂತು, ನನ್ನ ಮಾನ ಉಳೀತು. ಯಾರಿಗೆ ನಷ್ಟ ಹೇಳು?"

ಮೂಡಲಗಿರಿಯಪ್ಪನ ಆರ್ಡರ್ ನಿಜಕ್ಕೂ ಬಂದಿತ್ತು. ಆ ದಿನ ಮನೆಗೆ ಮೈಸೂರುಪಾಕ್ ಕಟ್ಟಿಸಿಕೊಂಡು ಹೋದ.

ಆದರೆ ಮುಂದಿನ ತಿಂಗಳು ಲಸಿಕೆಯೇ ಬರಲಿಲ್ಲ. ಬೆಂಗಳೂರಿನಿಂದ ಬರುವ ಔಷಧವನ್ನು ಎಲ್ಲಿ ಕೆಲಸ ಬಾಕಿಯಿದೆಯೋ ಅಲ್ಲಿಗೆ ಹಂಚುತ್ತಿದ್ದರು. ಗುಬ್ಬಿಯಲ್ಲಿ ಬಾಕಿ ಸೊನ್ನೆ. ಹೊಸದಾಗಿ ಹುಟ್ಟಿದ ಮಕ್ಕಳಿಗೆಂದು ಔಷಧದ ಒಂದಿಷ್ಟು ಗಾಜಿನ ಕೊಳವೆ ಬಂತು, ಅಷ್ಟೇ. ಅವನು ಕೇಳಿದ, ಮತ್ತೊಂದು ತಿಂಗಳು ಮತ್ತೆ ಕೇಳಿದ. "ಯಾವ ಮುಖ ಇಟ್ಕೊಂಡು ಜಾಸ್ತಿ ಕೇಳ್ಲಯ್ಯ?" ಎಂದು ವೆಂಕಟೇಶಯ್ಯನವರು ಸಿಡುಕಿದರು. ಹಿಂಗಾರು ಕಳೆಯಿತು, ಸಂಕ್ರಾಂತಿ ಕಳೆಯಿತು. ಬಿಸಿಲು ಏರಿತು. ಸಿಡುಬು ಕಾಣಿಸಿಕೊಳ್ಳುವುದೇ ಆ ಕಾಲದಲ್ಲಿ.

ಒಂದು ಬೆಳಿಗ್ಗೆ ನಿಟ್ಟೂರಿನ ರೈಲ್ವೆ ಗೇಟಿನ ಬಳಿ ಹೊಂಗೆಹಟ್ಟಿಯ ಯಲ್ಲಯ್ಯ ಎದುರಾದ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಹಟ್ಟಿಯಲ್ಲಿ ನಾಲ್ಕು ಮಾತು ಬಲ್ಲವನು. ಕಂಬಳಿ ಹೆಗಲಿಂದ ಜಾರಿದ್ದರೂ ಅವನಿಗೆ ಪರಿವೆಯಿರಲಿಲ್ಲ.

"ಗಿರಿಯಪ್ಪಣ್ಣ, ಹಟ್ಟೀಗೆ ಅಮ್ಮ ಬಂದವ್ಳೆ."

"ಯಾರಿಗ್ಲಾ?"

"ನಮ್ಮ ದೊಡ್ಡಗಂಗಮ್ಮಜ್ಜಿ ಸೊಸೇಗೆ ಮೊದ್ಲು. ಈಗ ಅದ್ರ ಮಗೀಗೂ ಎದ್ದೈತೆ. ಇನ್ನೆರಡು ಗುಡಿಸ್ಲಲ್ಲಿ ಜರ."

ಮೂಡಲಗಿರಿಯಪ್ಪ ಅಲ್ಲಿಂದಲೇ ಹಟ್ಟಿಗೆ ಹೋಗಿ ಬಾಗಿಲಿನಿಂದ ಇಣುಕಿದ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದ ಹೆಣ್ಣುಮಗಳ ಮುಖದಲ್ಲಿ ಬೊಕ್ಕೆಗಳು ಒತ್ತೊತ್ತಾಗಿ, ಒಂದೇ ಹದವಾಗಿ ಎದ್ದಿದ್ದವು. ಅಂಗೈ ಅಂಗಾಲಿನಲ್ಲೂ ಇದ್ದವು. ಯಾವ ಡಾಕ್ಟರನ್ನೂ ಕೇಳಬೇಕಾಗಿರಲಿಲ್ಲ. ಸೋಂಕು ತಗುಲಿದ ಮೂರು ನಾಲ್ಕು ದಿನದೊಳಗೆ ದಾಕು ಬಿದ್ದರೆ ಮನುಷ್ಯ ಉಳಿಯುತ್ತಾನೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹಟ್ಟಿಯ ಉಳಿದವರಲ್ಲಿ ಎಷ್ಟೋ ಮಂದಿ ಇನ್ನೂ ಆ ಗಡುವಿನಲ್ಲಿರಬಹುದಿತ್ತು.

ಗುಬ್ಬಿಗೆ ಓಡಿದ. ವೆಂಕಟೇಶಯ್ಯನವರು ಕೇಳಿ ಕುರ್ಚಿಯಿಂದ ಎದ್ದು ಬಾಗಿಲು ಮುಂದಕ್ಕೆಳೆದರು.

"ಸಿಡುಬು ಅನ್ಬೇಡ. ಸೀತಾಳೆ ಸಿಡುಬು ಇರ್ಬೇಕು."

"ಸಾರ್, ನನ್ ಮುಖ ನೋಡಿ ಹೇಳಿ. ನಂಗೆ ಗೊತ್ತಾಗಲ್ವಾ?"

"ಗೊತ್ತಾಗ್ಬಾರ್ದು!" ಅವರು ಬಾಗಿಲ ಕಡೆ ನೋಡಿದರು. "ನೂರಕ್ಕೆ ನೂರು ಆದ ತಾಲ್ಲೂಕಲ್ಲಿ ಸಿಡುಬು ಹೆಂಗಯ್ಯ ಬರುತ್ತೆ? ನಾನು ಏನಂತ ಬರೀಲಿ? ನಮ್ಮಿಬ್ರ ಕತೆ ಮುಗೀತು ಅಷ್ಟೆ. ಮೊದಲನೇದಾಗಿ, ಇಲ್ಲಿ ಔಷಧ ಎಲ್ಲಿದೆ? ನೋಡು, ಬೀರು ನೋಡು."

ಬೀರುವಿನಲ್ಲಿ ನಾಲ್ಕೈದು ಕೊಳವೆ ಬಿದ್ದಿದ್ದವು. ಬೇಸಗೆಯ ಬಿಸಿಗೆ ಅವುಗಳ ಔಷಧವೂ ಕೆಟ್ಟಿತ್ತೋ ಏನೋ. ಮೂಡಲಗಿರಿಯಪ್ಪ ಅವನ್ನೇ ಚೀಲಕ್ಕೆ ಹಾಕಿಕೊಂಡು ಹೊರಬಿದ್ದ. ಆ ಸಂಜೆಯೇ ಹಟ್ಟಿಯ ಆಚೆಯ ತುದಿಯ ಒಂದು ಗುಡಿಸಲಿನ ಮಕ್ಕಳಿಗೆ ಹಾಕಿದ. ಆ ದಾಕು ಹಿಡಿಯುವ ನಂಬಿಕೆ ಅವನಿಗೇ ಇರಲಿಲ್ಲ.

ಮಾರನೆಯ ದಿನ ಮೊದಲ ರೈಲಿಗೆ ತುಮಕೂರು. ಸೀತಾರಾಮಯ್ಯನವರು ಆಗಷ್ಟೇ ಬಂದು, ಹಲಗೆ ಒರೆಸುವ ಬಟ್ಟೆಯನ್ನು ಕಿಟಕಿಯಲ್ಲಿ ಕೊಡವುತ್ತಿದ್ದರು. ಸಣ್ಣ ದೇಹ, ದಪ್ಪ ಕನ್ನಡಕ, ಮೃದು ಸ್ವಭಾವ. ಅವನ ಮಾತನ್ನು ಕೊನೆಯವರೆಗೂ ಕೇಳಿದರು.

"ನೀನು ಹೇಳೋದು ನಿಜಾನೇ ಇರ್ಬಹುದು. ಆದ್ರೆ ನಂಗೆ ಬಂದಿರೋ ಅಂಕಿ ಇದು. ಇದನ್ನ ನಾನು ಬೆಂಗಳೂರಿಗೆ ಕಳಿಸಿದೀನಿ, ಅವರು ದಿಲ್ಲಿಗೆ ಕಳಿಸಿದಾರೆ. ತಾಲ್ಲೂಕಿಂದ ತಿದ್ದುಪಡಿ ಬರದೆ ನಾನು ಒಂದು ಸೊನ್ನೇನೂ ಅಳಿಸೋ ಹಾಗಿಲ್ಲ."

"ಅಂಕಿ ಹಾಗೇ ಇರ್ಲಿ ಸ್ವಾಮಿ. ಔಷಧ ಕೊಡ್ಸಿ ಸಾಕು."

"ಅಂಕಿ ಮೇಲೇ ಕಣಯ್ಯ ಔಷಧ ಕೊಡೋದು."

ಮೂಡಲಗಿರಿಯಪ್ಪ ನೆಲದ ಮೇಲೆ ಕೂತುಬಿಟ್ಟ. ಐದಾರು ವರ್ಷದಿಂದ ಅವನು ತಾನು ಕೆಲಸ ಮಾಡಿದ್ದೇನೆ ಎಂದು ತೋರಿಸಲು ಒದ್ದಾಡುತ್ತಿದ್ದವನು. ಈಗ ತಾನು ಮಾಡಿಲ್ಲ ಎಂದು ಹೇಳಿದರೆ ನಂಬುವವರು ಯಾರೂ ಇರಲಿಲ್ಲ. ಅವನಿಗೆ ಅಳು ಬಂತು. ಸೀತಾರಾಮಯ್ಯನವರು ಗಾಬರಿಯಾಗಿ ಅತ್ತಿತ್ತ ನೋಡಿ, ಬಗ್ಗಿ ಹೇಳಿದರು: "ಸಾಹೇಬ್ರು ಕುಣಿಗಲ್ ಕ್ಯಾಂಪಲ್ಲಿ ಇದಾರೆ. ಬಂಗಲೇಲಿ ಇಳ್ಕೊಂಡಿದಾರೆ. ಹೋಗು. ನಾನು ಹೇಳ್ದೆ ಅನ್ಬೇಡ."

ಕುಣಿಗಲ್ ಬಸ್ಸು ಹೊರಡುವುದು ತಡವಾಯಿತು. ಹೆಬ್ಬೂರಿನ ಹತ್ತಿರ ಟೈರು ಪಂಕ್ಚರಾಗಿ, ಪ್ರಯಾಣಿಕರೆಲ್ಲ ಹುಣಸೆಮರದ ನೆರಳಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಮೂಡಲಗಿರಿಯಪ್ಪ ಮಾತ್ರ ಬಸ್ಸಿನ ಸುತ್ತ ಸುತ್ತುತ್ತಿದ್ದ. ಕಂಡಕ್ಟರ್ ಕರುಣೆಯಿಂದ, "ಯಾಕಣ್ಣ, ಮನೇಲಿ ಏನಾರ ಸೀರಿಯಸ್ಸಾ?" ಎಂದು ಕೇಳಿದ. ಅವನು ಹೂಂ ಎಂದ.

ಬಂಗಲೆಯ ಜಗಲಿಯಲ್ಲಿ ಶ್ರೀಕಂಠಯ್ಯನವರು ಬನಿಯನ್ನಿನಲ್ಲಿ ಕೂತು ಎಳನೀರು ಕುಡಿಯುತ್ತಿದ್ದರು. ಮೊದಲಿಗೆ ರೇಗಿದರು, ಇನ್ಸ್‌ಪೆಕ್ಟರನ್ನು ದಾಟಿ ನೇರವಾಗಿ ಬಂದಿದ್ದು ಯಾಕೆ ಎಂದರು. ಅವನು ಬೊಕ್ಕೆಗಳ ವಿವರ ಹೇಳತೊಡಗಿದಂತೆ ಎಳನೀರನ್ನು ಕೆಳಗಿಟ್ಟರು. ಅಂಗೈಯಲ್ಲೂ ಇದ್ದವಾ ಎಂದು ಕೇಳಿದರು. ಇದ್ದವು ಎಂದ.

ಅವರು ಒಳಗೆ ಹೋಗಿ ಶರಟು ತೊಟ್ಟು ಬಂದರು. ಆಮೇಲೆ, "ಆ ಹಟ್ಟಿ ಆಗಿದೆ ಅಂತ ನಿನ್ ಸಹಿ ಇರೋ ವರದಿ ನನ್ ಹತ್ರ ಇದೆಯಲ್ಲಯ್ಯ" ಎಂದರು.

"ಸಹಿ ನಂದೇ ಸ್ವಾಮಿ. ಅಂಕಿ ನಂದಲ್ಲ."

"ಹಂಗಂದ್ರೆ ನಡೆಯಲ್ಲ. ಇಲ್ಲಿಗೆ ಬಂದಿರೋ ಔಷಧ ಕುಣಿಗಲ್ ತಾಲ್ಲೂಕಿಂದು. ಪೂರ್ತಿಯಾದ ತಾಲ್ಲೂಕಿಗೆ ಇದನ್ನ ಯಾಕೆ ಕೊಟ್ಟೆ ಅಂತ ನಾಳೆ ನನ್ನ ಕೇಳ್ತಾರೆ. ಹಟ್ಟಿಗೆ ಹಾಕಿಲ್ಲ, ವರದಿ ತಪ್ಪು ಅಂತ ನೀನು ಬರ್ಕೊಡು. ಕೊಡ್ತೀನಿ."

ಬರೆದು ಕೊಟ್ಟರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಮೂಡಲಗಿರಿಯಪ್ಪನಿಗೆ ಚೆನ್ನಮ್ಮ, ಎರಡು ವರ್ಷದ ಮಗಳು ಕಮಲ ಕಣ್ಣ ಮುಂದೆ ಬಂದರು. ಅವನು ಒಂದೇ ಒಂದು ಮಾತು ಕೇಳಿದ: "ಸ್ವಾಮಿ, ನನ್ನ ಕೆಲಸ?"

"ನಾನಿರೋವರೆಗೂ ನೋಡ್ಕೋತೀನಿ. ಬರಿ."

ಬರೆದ. ಶ್ರೀಕಂಠಯ್ಯನವರು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಕುಣಿಗಲ್ಲಿನ ದಾಕು ಹಾಕುವ ಚನ್ನವೀರಯ್ಯನನ್ನು ಕರೆಸಿ ಔಷಧ ಕೊಡಲು ಹೇಳಿದರು. ಚನ್ನವೀರಯ್ಯ ತನ್ನ ಟಾರ್ಗೆಟ್ ನೆನೆದು ಮುಖ ಹುಳ್ಳಗೆ ಮಾಡಿಕೊಂಡ. "ಇದು ಹೋದ್ರೆ ನಂದು ಬಾಕಿ ಬೀಳುತ್ತೆ ಸಾರ್" ಎಂದು ಗೊಣಗಿದ. ಕೊನೆಗೆ ಕೊಟ್ಟದ್ದು ಅರ್ಧ ಹಟ್ಟಿಗಷ್ಟೇ ಸಾಕಾಗುವಷ್ಟು. ಮೂಡಲಗಿರಿಯಪ್ಪ ಸಂತೆಯಲ್ಲಿ ಮಣ್ಣಿನ ಕುಡಿಕೆ ಕೊಂಡು, ಒದ್ದೆ ಬಟ್ಟೆ ಸುತ್ತಿ, ಕೊಳವೆಗಳನ್ನು ಅದರಲ್ಲಿಟ್ಟುಕೊಂಡು, ಬಸ್ಸಿನಲ್ಲೂ ರೈಲಿನಲ್ಲೂ ಹಸುಗೂಸಿನಂತೆ ತೊಡೆಯ ಮೇಲೆ ಹಿಡಿದು ಬಂದ.

ಮರುದಿನ ಹೊಂಗೆಹಟ್ಟಿ ತಲುಪುವ ಹೊತ್ತಿಗೆ ದೊಡ್ಡಗಂಗಮ್ಮನ ಸೊಸೆ ತೀರಿಕೊಂಡಿದ್ದಳು. ಬೇಲಿಯ ಬಾಯಲ್ಲಿ ಬೇವಿನ ತೋರಣ ಕಟ್ಟಿದ್ದರು. ಬಿಳಿ ಸೀರೆಯ ದೊಡ್ಡಗಂಗಮ್ಮ ಅದರ ಮುಂದೆ ಅಡ್ಡ ನಿಂತಳು. ಆರಡಿಯ ಮುದುಕಿ, ದನಿ ಇನ್ನೂ ಗಟ್ಟಿ.

"ಹಟ್ಟಿ ಒಳಗೆ ಬರ್ಬ್ಯಾಡ. ಅಮ್ಮ ಒಳಗವ್ಳೆ. ಅವ್ಳು ಇರೋವಾಗ ಮೈಗೆ ಕಬ್ಣ ತಾಗಿಸ್ಬಾರ್ದು."

"ಅಜ್ಜಿ, ಇನ್ನೊಂದು ದಿನ ಬಿಟ್ರೆ ಹಾಕಿದ್ರೂ ಉಪಯೋಗ ಇಲ್ಲ."

"ಇಷ್ಟ್ ದಿನ ಎಲ್ಲೋಗಿದ್ದೆ? ಇಷ್ಟ್ ದಿನ ಯಾಕೆ ಬರ್ಲಿಲ್ಲ? ಸೊಸೆ ಸತ್ಮ್ಯಾಲೆ ಬಂದ್ಯಾ?"

ತುಮಕೂರಿನ ಹಲಗೆ, ನೂರಕ್ಕೆ ನೂರು, ಬಾಕಿ ಸೊನ್ನೆ, ಇದನ್ನೆಲ್ಲ ಅವಳಿಗೆ ಯಾವ ಬಾಯಲ್ಲಿ ಹೇಳುವುದು? ಕುಡಿಕೆಯನ್ನು ಎದೆಗೊತ್ತಿಕೊಂಡು ಬಿಸಿಲಿನಲ್ಲೇ ನಿಂತ. ಒದ್ದೆ ಬಟ್ಟೆ ಒಣಗುತ್ತಿತ್ತು. ಅವನು ಅವಳ ಕಾಲಿಗೆ ಬಿದ್ದ.

"ನಮ್ಮಕ್ಕನ್ನೂ ಹಿಂಗೇ ಬೇವಿನ ಸೊಪ್ಪಿನ ಮ್ಯಾಲೆ ಮಲಗ್ಸಿದ್ರು ಅಜ್ಜಿ. ಎದ್ದೇಳ್ಲಿಲ್ಲ. ನಾನ್ ತಡ ಮಾಡ್ದೆ, ಒಪ್ಕೋತೀನಿ. ನನ್ನ ಹೊಡೀರಿ ಬೇಕಾದ್ರೆ. ಮಕ್ಕಳ್ನ ಆಚೆ ಕಳ್ಸಿ."

ಯಲ್ಲಯ್ಯ ಹಿಂದಿನಿಂದ ಬಂದು ಮುದುಕಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ಬಹಳ ಹೊತ್ತು ತೋರಣವನ್ನೇ ನೋಡುತ್ತಿದ್ದಳು. ಕೊನೆಗೆ, "ಬೇಲಿ ಒಳಗಿಂದು ಅವ್ಳದು. ಬೇಲಿ ಆಚೆ ಏನಾರ ಮಾಡ್ಕೋ, ನಾ ನೋಡಾಕಿಲ್ಲ" ಎಂದು ಬೆನ್ನು ತಿರುಗಿಸಿ ಕೂತಳು.

ಜ್ವರ ಬಾರದವರನ್ನು ಯಲ್ಲಯ್ಯ ಒಬ್ಬೊಬ್ಬರಾಗಿ ಹೊಂಗೆಮರದ ಕೆಳಗೆ ಕರೆತಂದ. ಮೂಡಲಗಿರಿಯಪ್ಪ ಕೂಸುಗಳಿಗೆ ಮೊದಲು, ಮಕ್ಕಳಿಗೆ ಆಮೇಲೆ, ಹಾಲುಣಿಸುವ ತಾಯಂದಿರಿಗೆ ಅದಾದ ಮೇಲೆ ಎಂದು ಹಾಕುತ್ತಾ ಹೋದ. ತೋಳುಗಳು ಮುಗಿಯುವ ಮೊದಲೇ ಔಷಧ ಮುಗಿಯುವುದು ಕಾಣುತ್ತಿತ್ತು. ಕೊನೆಯ ಕೊಳವೆ ಹಿಡಿದು ಯಲ್ಲಯ್ಯನನ್ನು ಕರೆದ. "ಬಾರ್ಲಾ, ನಿನ್ದೊಂದು ಆಗ್ಲಿ. ಸತ್ತೋಳ್ನ ಎತ್ತಿದೋನು ನೀನು."

"ನಂಗೇನಾಗ್ತದಣ್ಣ, ಬುಡು" ಎಂದು ಯಲ್ಲಯ್ಯ ತನ್ನ ತಂಗಿಯನ್ನು ಮುಂದೆ ತಳ್ಳಿದ. ಅವಳು ಬಸುರಿ. ಬಸುರಿಗೆ ಹಾಕಬಹುದೋ ಬಾರದೋ ಎಂದು ಮೂಡಲಗಿರಿಯಪ್ಪನಿಗೆ ಸರಿಯಾಗಿ ತಿಳಿಯದು. ಹಾಕಿದ.

ಉಳಿದವರಿಗಾಗಿ ಮತ್ತೆ ಕುಣಿಗಲ್ಲಿಗೆ ಓಡಿದ. ಸಾಹೇಬರು ಬೇರೆ ಕಡೆ ಕ್ಯಾಂಪ್ ಹೋಗಿದ್ದರು. ಚನ್ನವೀರಯ್ಯ ಕೈ ಅಲ್ಲಾಡಿಸಿದ. ಸಾಹೇಬರು ವಾಪಸಾಗಿ ತುಮಕೂರಿನಿಂದ ಔಷಧ ಕಳಿಸಲು ಮೂರು ವಾರವಾಯಿತು. ಅಷ್ಟರಲ್ಲಿ ಹಟ್ಟಿಯಲ್ಲಿ ಒಂಬತ್ತು ಮಂದಿ ಹೋಗಿದ್ದರು. ದೊಡ್ಡಗಂಗಮ್ಮನ ಮೊಮ್ಮಗ, ಯಲ್ಲಯ್ಯನ ತಂದೆ, ಕೊನೆಗೆ ಯಲ್ಲಯ್ಯ. ಯಲ್ಲಯ್ಯನ ಬಳಿ ಮೂಡಲಗಿರಿಯಪ್ಪನೇ ಕೂತಿದ್ದ. ಒಮ್ಮೆ ಸಿಡುಬು ಬಂದವನಿಗೆ ಮತ್ತೆ ಬಾರದು, ಅವನೊಬ್ಬನೇ ಹೆದರದೆ ಒಳಗೆ ಹೋಗಬಹುದಾಗಿತ್ತು. ಗಂಟಲಿನೊಳಗೂ ಬೊಕ್ಕೆ ಎದ್ದು ಯಲ್ಲಯ್ಯನಿಗೆ ಮಾತು ನಿಂತಿತ್ತು. ಹತ್ತಿಯಲ್ಲಿ ನೀರು ಅದ್ದಿ ತುಟಿಗೆ ಸವರಿದರೆ ಅದನ್ನೂ ನುಂಗಲಾರದೆ ಕಣ್ಣಲ್ಲಿ ನೀರು ಸುರಿಸಿದ. ಮಧ್ಯಾಹ್ನ ಎಲ್ಲ ಮುಗಿಯಿತು.

ದಾಕು ಹಿಡಿದ ಮಕ್ಕಳೆಲ್ಲ ಉಳಿದವು. ಯಲ್ಲಯ್ಯನ ತಂಗಿಗೂ ಏನೂ ಆಗಲಿಲ್ಲ. ಆಷಾಢದಲ್ಲಿ ಹೆಣ್ಣು ಹೆತ್ತಳು.

ಸಾವುಗಳನ್ನು ಬರೆದುಕೊಳ್ಳುವ ಪಟೇಲರು ಒಂಬತ್ತಕ್ಕೂ ಜ್ವರ ಎಂದು ಬರೆದರು. ವೆಂಕಟೇಶಯ್ಯನವರು ಹೋಗಿ ಮಾತಾಡಿದ್ದರಂತೆ. ಆ ವರ್ಷದ ಕೊನೆಗೆ ಸಿಡುಬಿನ ಸಾವು ಎಂಬಲ್ಲಿ ಗುಬ್ಬಿ ತಾಲ್ಲೂಕಿನ ಮುಂದೆ ಇಲ್ಲ ಎಂದು ದಾಖಲಾಯಿತು.

ಶ್ರೀಕಂಠಯ್ಯನವರಿಗೆ ಮುಂಗಾರಿಗೆ ಮುಂಚೆಯೇ ರಾಯಚೂರಿಗೆ ವರ್ಗವಾಯಿತು. ಅವರ ಫೈಲಿನಲ್ಲಿದ್ದ ಮೂಡಲಗಿರಿಯಪ್ಪನ ಬರಹ ಹೊಸ ಸಾಹೇಬರ ಮೇಜಿಗೆ ಹೋಯಿತು. ವಿಚಾರಣೆ ಅರ್ಧ ಗಂಟೆಯೂ ನಡೆಯಲಿಲ್ಲ.

"ಇದು ನಿನ್ ಅಕ್ಷರಾನಾ?"

"ಹೌದು ಸ್ವಾಮಿ."

"ಸುಳ್ಳು ವರದಿ ಕೊಟ್ಟಿದೀನಿ ಅಂತ ನೀನೇ ಒಪ್ಕೊಂಡಿದೀಯಲ್ಲ."

"ಹಟ್ಟೀಗೆ ಹಾಕಿಲ್ಲ ಅಂತ ಒಪ್ಕೊಂಡೆ ಸ್ವಾಮಿ. ಔಷಧ ಬೇಕಿತ್ತು. ಅಲ್ಲಿ ಒಂಬತ್ತು ಜನ ಸಿಡುಬಲ್ಲಿ ಸತ್ರು."

ಹೊಸ ಸಾಹೇಬರು ಸೀತಾರಾಮಯ್ಯನವರ ಕಡೆ ನೋಡಿದರು. ಸೀತಾರಾಮಯ್ಯನವರು ತಮ್ಮ ಕಾಗದಗಳನ್ನು ನೋಡುತ್ತಾ, "ಗುಬ್ಬಿಯಿಂದ ಸಿಡುಬಿನ ಸಾವು ವರದಿಯಾಗಿಲ್ಲ ಸಾರ್" ಎಂದರು. ವೆಂಕಟೇಶಯ್ಯನವರನ್ನು ಕೇಳಿದಾಗ ಅವರು, ವರದಿಯ ಅಂಕಿಗಳನ್ನು ನೌಕರರು ತುಂಬಿದ ಹಾಗೆಯೇ ಕಳಿಸಿದ್ದಾಗಿ ಹೇಳಿದರು. ಹೇಳುವಾಗ ಮೇಜಿನ ಕಾಲನ್ನು ನೋಡುತ್ತಿದ್ದರು.

ಟೆಂಪೊರರಿ ನೌಕರನನ್ನು ತೆಗೆಯಲು ದೊಡ್ಡ ಆರ್ಡರೇನೂ ಬೇಕಿರಲಿಲ್ಲ. ಗುಬ್ಬಿಯ ಮನೆ ಖಾಲಿ ಮಾಡುವ ದಿನ ಚೆನ್ನಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಾ, "ಬರ್ಕೊಡೋ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು.

"ಕೇಳಿದ್ರೆ ಏನಂತಿದ್ದೆ?"

ಅವಳು ಚೀಲದ ಬಾಯಿ ಕಟ್ಟಿ, ಕಮಲಳನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಹೋದಳು.

ಅಮೃತೂರಿನಲ್ಲಿ ಚೆನ್ನಮ್ಮನ ಅಣ್ಣ ಸಿದ್ದಯ್ಯನ ತೆಂಗಿನ ತೋಟದಲ್ಲಿ ಒಂದೆರಡು ವರ್ಷ ಕಾಯಿ ಸುಲಿದ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಏಜೆಂಟಾಗಿ ಜನರನ್ನು ಕೂಗಿ ಹತ್ತಿಸುವ ಕೆಲಸ ಸಿಕ್ಕಿತು. ಅಲ್ಲಿಂದಲೇ ತುಮಕೂರಿಗೂ ಬೆಂಗಳೂರಿಗೂ ಅರ್ಜಿ ಬರೆಯುತ್ತಿದ್ದ. ಕೆಲಸ ವಾಪಸು ಕೊಡಿ ಎಂದು ಮೊದಲ ಅರ್ಜಿಗಳಲ್ಲಿ ಇತ್ತು. ಬರಬರುತ್ತಾ ಅದನ್ನು ಬಿಟ್ಟ. ಹೊಂಗೆಹಟ್ಟಿಯ ಒಂಬತ್ತು ಸಾವನ್ನು ಸಿಡುಬಿನ ಸಾವೆಂದು ಸೇರಿಸಿ ಎಂದಷ್ಟೇ ಕೇಳುತ್ತಿದ್ದ. ಅಲ್ಲಿ ಸಿಡುಬು ಬಂದೇ ಇಲ್ಲ ಎಂದಿರುವವರೆಗೆ ಅಕ್ಕಪಕ್ಕದ ಊರುಗಳಿಗೂ ಯಾರೂ ಹೋಗುವುದಿಲ್ಲ ಎಂದು ಅವನ ಸಂಕಟ. ಒಂದಕ್ಕೆ ಮಾತ್ರ ಜವಾಬು ಬಂತು: ಆ ವರ್ಷದ ಅಂಕಿ ಮುಕ್ತಾಯವಾಗಿದೆ.

ಅರವತ್ತೊಂಬತ್ತರಲ್ಲಿ ಒಂದು ದಿನ ಕುಣಿಗಲ್ ಬಸ್ಸಿಗೆ ಜನ ಕೂಗುತ್ತಿದ್ದಾಗ ವೆಂಕಟೇಶಯ್ಯನವರು ಕಂಡರು. ಬೀಗರ ಮನೆಗೆ ಬಂದಿದ್ದರಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ರಿಟೈರಾಗಿ ವರ್ಷವಾಗಿತ್ತು. ಅವರೇ ಮೊದಲು ಗುರುತು ಹಿಡಿದು ಹತ್ತಿರ ಬಂದರು.

"ನಿಂಗೆ ಅನ್ಯಾಯ ಆಯ್ತು ಕಣಯ್ಯ ಮೂಡ್ಲಗಿರಿ. ನನ್ನಿಂದಾನೇ ಆಯ್ತು."

"ನಂದು ಹೋಗ್ಲಿ ಸಾರ್. ಈಗ ನೀವು ರಿಟೈರಾಗಿದೀರಿ. ಹೊಂಗೆಹಟ್ಟೀಲಿ ಬಂದಿದ್ದು ಸಿಡುಬು ಅಂತ ಒಂದು ಕಾಗದ ಬರ್ಕೊಡಿ. ನಾನು ಕಳಿಸ್ತೀನಿ. ನೀವು ಹೇಳಿದ್ರೆ ನಂಬ್ತಾರೆ."

ವೆಂಕಟೇಶಯ್ಯನವರು ಬೆತ್ತದ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಪೆನ್ಷನ್ ಬರ್ತಾ ಇದೆ ಕಣಯ್ಯ. ಅದ್ರಲ್ಲೇ ಮನೆ ನಡೀಬೇಕು. ಕೊನೇ ಮಗಳು ಇನ್ನೂ ಮನೇಲೇ ಇದಾಳೆ."

"ಸಾರ್, ಒಂದೇ ಸಾಲು."

ಅವರು ಆಗಲ್ಲವೆಂದು ತಲೆಯಾಡಿಸಿದರು. ಬಿಸಿಲಿಗೆ ನಿಲ್ಲಲಾರದೆ ಬಸ್ಸಿನ ಕಂಬಿ ಹಿಡಿದುಕೊಂಡರು. ಡ್ರೈವರು ಹಾರನ್ ಹೊಡೆದ.

ಮೂಡಲಗಿರಿಯಪ್ಪ ಅವರ ಚೀಲವನ್ನು ತೆಗೆದುಕೊಂಡ. ಒಳಗೆ ಹತ್ತಿ, ಕಿಟಕಿಯ ಪಕ್ಕ ಕೂತಿದ್ದವನನ್ನು ಎಬ್ಬಿಸಿ ಅವರನ್ನು ಕೂರಿಸಿ, ಚೀಲವನ್ನು ಕಾಲ ಬಳಿ ಇಟ್ಟ. ಅವರು ಅವನ ಕೈ ಹಿಡಿಯಲು ಬಂದರು. ಅವನು ಅಷ್ಟರಲ್ಲಿ ಕೆಳಗಿಳಿದಿದ್ದ. ಬಸ್ಸು ಧೂಳೆಬ್ಬಿಸಿ ಹೋಯಿತು. ಮುಂದಿನ ಬಸ್ಸು ಬಂದು ನಿಂತಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡು ಬಾಗಿಲ ಬಳಿ ನಿಂತು ಜನರನ್ನು ಕೂಗತೊಡಗಿದ.